ಕಳಿಸದ ಎರಡು ಕಾಗದ, ಓದಿಸದ ಒಂದು ಚೀಟಿ

1864ರ ಆಗಸ್ಟ್ 23, ಮಂಗಳವಾರ. ವಾಷಿಂಗ್ಟನ್‌ನಲ್ಲಿ ಸಂಪುಟದ ಸಭೆ. ಅಧ್ಯಕ್ಷ ಒಂದು ಕಾಗದ ತಂದಿದ್ದ. ಒಳಗಿನ ಬರಹ ಯಾರ ಕಣ್ಣಿಗೂ ಬೀಳದ ಹಾಗೆ ಅದನ್ನು ಮಡಿಸಿ ಅಂಟು ಹಾಕಿತ್ತು. ಮಂತ್ರಿಗಳ ಮುಂದಿಟ್ಟು, ಇದರ ಬೆನ್ನ ಮೇಲೆ ಒಂದೊಂದು ಸಹಿ ಹಾಕಿ ಎಂದ. ಒಳಗೆ ಏನಿದೆ ಎಂದು ಹೇಳಲಿಲ್ಲ. ಏಳು ಜನ ಸಹಿ ಹಾಕಿದರು. ಅವರಲ್ಲಿ ಇಬ್ಬರು ನಾಲ್ಕು ವರ್ಷದ ಹಿಂದೆ ಪಕ್ಷದ ಟಿಕೆಟ್‌ಗಾಗಿ ಇವನ ಎದುರು ನಿಂತಿದ್ದವರು. ಇನ್ನೊಬ್ಬ, 1855ರಲ್ಲಿ ಸಿನ್ಸಿನಾಟಿಯ ಒಂದು ಮೊಕದ್ದಮೆಯಲ್ಲಿ ಜೊತೆ ವಕೀಲನಾಗಿ ಬಂದ ಇವನನ್ನು ಮೂಸಿಯೂ ನೋಡಿರಲಿಲ್ಲ. ಖಾಲಿ ಚೆಕ್ಕಿಗೆ ಸಹಿ ಹಾಕಿ ಕೆಟ್ಟವರ ಕಥೆ ನಮ್ಮಲ್ಲಿ ಬೇಕಾದಷ್ಟಿದೆ. ಇದು ಅದಕ್ಕಿಂತ ವಿಚಿತ್ರ. ಬರೆದು ಮುಗಿಸಿದ, ಆದರೆ ಓದಲು ಕೊಡದ ಕಾಗದಕ್ಕೆ ಒಂದು ದೇಶದ ಇಡೀ ಸಂಪುಟವೇ ಸಾಕ್ಷಿ ಹಾಕಿತು.

ಪ್ರಕರಣ ಅಧ್ಯಯನದಲ್ಲಿ ಹೆಸರು ಮರೆಸುವುದು ರೂಢಿ. ಸಹಕಾರ ಸಂಘಗಳ ಪದಾಧಿಕಾರಿಗಳಿಗೆ ನಡೆಸುವ ತರಬೇತಿಗಳಲ್ಲಿ ನಾನು ಇದನ್ನು ಹಂಚುವಾಗ ‘ಒಂದು ದೇಶ’, ‘ಒಬ್ಬ ಅಧ್ಯಕ್ಷ’, ‘ಮಾಜಿ ಸೇನಾಪತಿ’ ಎಂದೇ ಕೊಡುತ್ತೇನೆ. ಆ ಹೆಸರು ಗೊತ್ತಾದ ಕೂಡಲೇ ಜನ ಯೋಚಿಸುವುದನ್ನು ಬಿಟ್ಟು ಕೈಮುಗಿಯಲು ಶುರುಮಾಡುತ್ತಾರೆ, ಅದಕ್ಕೆ. ಬರಹದಲ್ಲಿ ಆ ಆಟ ನಡೆಯುವುದಿಲ್ಲ; ತಾರೀಖು ಹೇಳಿದರೆ ಸಾಕು, ಅಬ್ರಹಾಂ ಲಿಂಕನ್ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಹಾಗಾಗಿ ಇತಿಹಾಸ ಬಲ್ಲ ದೊಡ್ಡವರ ಹೆಸರು ಇಟ್ಟಿದ್ದೇನೆ. ಪತ್ರ ಬರೆದವರು, ಬಂದು ಹೋದವರು, ನಮ್ಮ ತರಬೇತಿಯಲ್ಲಿ ಮಾತಾಡಿದವರು, ಇವರನ್ನೆಲ್ಲ ಅವರ ಕೆಲಸದಿಂದಲೇ ಕರೆದಿದ್ದೇನೆ.

ಹಿನ್ನೆಲೆ

ಕೆಂಟಕಿಯ ಮರದ ದಿಮ್ಮಿಗಳ ಗುಡಿಸಲಿನಲ್ಲಿ 1809ರ ಫೆಬ್ರವರಿ 12ರಂದು ಹುಟ್ಟಿದವನು ಲಿಂಕನ್. ಒಂಬತ್ತನೇ ವಯಸ್ಸಿಗೆ ತಾಯಿ ಹೋದಳು. ಶಾಲೆಗೆ ಹೋದ ದಿನಗಳನ್ನೆಲ್ಲ ಕೂಡಿಸಿದರೂ ಒಂದು ವರ್ಷ ತುಂಬದು. ದೋಣಿ ನಡೆಸಿದ, ಅಂಗಡಿ ಇಟ್ಟು ಸಾಲ ಮಾಡಿಕೊಂಡ, ಅಂಚೆ ನೋಡಿಕೊಂಡ, ಜಮೀನು ಅಳೆದ, ಆಮೇಲೆ ವಕೀಲನಾದ. ಸಂಸತ್ತಿನ ಕೆಳಮನೆಯಲ್ಲಿ ಒಂದೇ ಅವಧಿ, ಸೆನೆಟ್‌ಗೆ ಎರಡು ಸಲ ಯತ್ನಿಸಿ ಎರಡು ಸಲವೂ ಸೋಲು. 1860ರಲ್ಲಿ ಅಧ್ಯಕ್ಷನಾದದ್ದು ಶೇಕಡಾ 40ಕ್ಕಿಂತ ಕಡಿಮೆ ಮತ ಪಡೆದು. ಪ್ರಮಾಣವಚನದ ಹೊತ್ತಿಗೆ ಗುಲಾಮಗಿರಿಯ ಏಳು ರಾಜ್ಯಗಳು ಒಕ್ಕೂಟ ಬಿಟ್ಟು ನಡೆದಿದ್ದವು. 1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಫಿರಂಗಿ ಹಾರಿದ ಮೇಲೆ ಇನ್ನೂ ನಾಲ್ಕು ಹೋದವು; ಬಿಟ್ಟುಹೋದ ದಕ್ಷಿಣಕ್ಕೂ ಒಕ್ಕೂಟದಲ್ಲಿ ಉಳಿದ ಉತ್ತರಕ್ಕೂ ಯುದ್ಧ ಹತ್ತಿತು. ಮರುವರ್ಷ ಫೆಬ್ರವರಿಯಲ್ಲಿ, ಯುದ್ಧದ ನಡುವೆಯೇ, ಹನ್ನೊಂದು ವರ್ಷದ ಮಗ ವಿಲ್ಲಿ ಶ್ವೇತಭವನದಲ್ಲೇ ಜ್ವರದಿಂದ ತೀರಿಕೊಂಡ.

ಇಷ್ಟು ಸಾಕು. ಈ ಪ್ರಕರಣಕ್ಕೆ ಬೇಕಾದದ್ದು ಅವನ ಒಂದು ಅಭ್ಯಾಸ: ಬರೆದದ್ದನ್ನು ಕಳಿಸದೆ ಇಟ್ಟುಕೊಳ್ಳುವುದು. ಗುಲಾಮರ ವಿಮೋಚನಾ ಘೋಷಣೆಯ ಕರಡನ್ನು 1862ರ ಜುಲೈ 22ರಂದು ಸಂಪುಟಕ್ಕೆ ಓದಿ ಹೇಳಿದ. ವಿದೇಶಾಂಗ ಮಂತ್ರಿ ಸೀವರ್ಡ್, ಸೋಲಿನ ಮೇಲೆ ಸೋಲು ಬರುತ್ತಿರುವಾಗ ಹೊರಡಿಸಿದರೆ ಕೈಲಾಗದವರ ಕೂಗಿನಂತೆ ಕೇಳುತ್ತದೆ, ಒಂದು ಗೆಲುವು ಬರಲಿ ಎಂದ. ಕರಡು ಬದಿಗೆ ಸರಿಯಿತು. ಸೆಪ್ಟೆಂಬರ್ 17ರ ಆಂಟೀಟಮ್ ಕದನ ಮುಗಿದ ಐದನೇ ದಿನ ಹೊರಬಂತು. ಗೆಟಿಸ್‌ಬರ್ಗ್ ಗೆದ್ದ ಮೇಲೂ ಓಡುತ್ತಿದ್ದ ಶತ್ರುವನ್ನು ಬೆನ್ನಟ್ಟದ ಜನರಲ್ ಮೀಡ್‌ಗೆ 1863ರ ಜುಲೈನಲ್ಲಿ ಒಂದು ಬಿರುಸಾದ ಪತ್ರ ಬರೆದ. ಆಮೇಲೆ ಲಕೋಟೆಯ ಮೇಲೆ ‘ಕಳಿಸಲಿಲ್ಲ, ಸಹಿಯನ್ನೂ ಮಾಡಲಿಲ್ಲ’ ಎಂಬ ಅರ್ಥದ ಟಿಪ್ಪಣಿ ಹಾಕಿ ಎತ್ತಿಟ್ಟ. ಸಿಟ್ಟು ಕಾಗದಕ್ಕೆ ಇಳಿಯಿತು, ಮೀಡ್‌ಗೆ ತಲುಪಲಿಲ್ಲ. ನಮ್ಮ ಕಚೇರಿಗಳಲ್ಲಿ ರಾತ್ರಿ ಹನ್ನೊಂದಕ್ಕೆ ವಾಟ್ಸಾಪ್ ಗುಂಪಿಗೆ ಬಂದು ಬೀಳುವ ಸಂದೇಶಗಳನ್ನು ನೋಡಿದಾಗಲೆಲ್ಲ ಆ ಲಕೋಟೆ ನೆನಪಾಗುತ್ತದೆ.

ಕಗ್ಗಂಟು

1864ರ ಮೇ ತಿಂಗಳಲ್ಲಿ ಉತ್ತರದ ಸೇನಾಪತಿ ಗ್ರಾಂಟ್ ದಕ್ಷಿಣದ ವರ್ಜೀನಿಯಾದೊಳಗೆ ನುಗ್ಗಿದ. ವಿಲ್ಡರ್ನೆಸ್, ಸ್ಪಾಟ್‌ಸಿಲ್ವೇನಿಯಾ, ಕೋಲ್ಡ್ ಹಾರ್ಬರ್. ಒಂದೂವರೆ ತಿಂಗಳೊಳಗೆ ಉತ್ತರದ ಸೇನೆಯಲ್ಲಿ ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು ಸೇರಿ ಸುಮಾರು 55,000. ಆಮೇಲೆ ಪೀಟರ್ಸ್‌ಬರ್ಗ್ ಎದುರಿನ ಕಂದಕಗಳಲ್ಲಿ ಎಲ್ಲ ನಿಂತುಬಿಟ್ಟಿತು. ಜುಲೈನಲ್ಲಿ ದಕ್ಷಿಣದ ಒಂದು ಪಡೆ ನೇರ ವಾಷಿಂಗ್ಟನ್ ಅಂಚಿಗೇ ಬಂತು. ಸ್ಟೀವನ್ಸ್ ಕೋಟೆಯ ಗೋಡೆಯ ಮೇಲೆ ನಿಂತು ನೋಡುತ್ತಿದ್ದ ಆರಡಿ ನಾಲ್ಕಂಗುಲದ ಅಧ್ಯಕ್ಷನ ಹತ್ತಿರದಲ್ಲೇ ಸೇನಾ ವೈದ್ಯನೊಬ್ಬನಿಗೆ ಗುಂಡು ತಗುಲಿತು. ಅದೇ ವಾರ ನ್ಯೂಯಾರ್ಕ್ ಪೇಟೆಯಲ್ಲಿ 100 ಡಾಲರ್ ಚಿನ್ನಕ್ಕೆ 285 ಕಾಗದದ ಡಾಲರ್ ಬೆಲೆ ಮುಟ್ಟಿತು. ಜುಲೈ 18ರಂದು ಇನ್ನೂ 5 ಲಕ್ಷ ಜನ ಸೇನೆಗೆ ಬೇಕೆಂದು ಕರೆ ಹೊರಟಿತು. ಸ್ವಯಂಸೇವಕರು ಸಾಲದಿದ್ದಲ್ಲಿ ಸೆಪ್ಟೆಂಬರ್‌ನಿಂದ ಕಡ್ಡಾಯ ಭರ್ತಿ. ಚುನಾವಣೆ ನವೆಂಬರ್ 8ಕ್ಕೆ. ಮತ ಕೇಳಬೇಕಾದ ಮನೆಯಿಂದಲೇ ಮಗನನ್ನೂ ಕೇಳಬೇಕು.

ಅದೇ ಜುಲೈ 18ರಂದು ಇನ್ನೊಂದು ಕಾಗದವೂ ಹೊರಟಿತು, ಈ ಪ್ರಕರಣದ ಬೇರು ಅದರಲ್ಲಿದೆ. ನಯಾಗರಾ ಜಲಪಾತದ ಕೆನಡಾ ಕಡೆಗೆ ದಕ್ಷಿಣದ ಪ್ರತಿನಿಧಿಗಳು ಶಾಂತಿ ಸಂಧಾನಕ್ಕೆ ಬಂದಿದ್ದಾರೆಂದು ನ್ಯೂಯಾರ್ಕ್‌ನ ಹೆಸರಾಂತ ಸಂಪಾದಕ ಹೊರೇಸ್ ಗ್ರೀಲಿ ದುಂಬಾಲು ಬಿದ್ದಿದ್ದ. ಹಾಗಾದರೆ ನೀನೇ ಹೋಗು ಎಂದು ಲಿಂಕನ್ ಅವನನ್ನೇ ಕಳಿಸಿದ. ಬಂದವರಿಗೆ ಅಧಿಕಾರವೇ ಇರಲಿಲ್ಲ. ಆದರೆ ಅವರಿಗಾಗಿ ಲಿಂಕನ್ ಬರೆದ ಒಕ್ಕಣೆ ಪತ್ರಿಕೆಗಳಿಗೆ ಸಿಕ್ಕಿತು: ಒಕ್ಕೂಟ ಇಡಿಯಾಗಿ ಉಳಿಯಬೇಕು, ಗುಲಾಮಗಿರಿ ಬಿಡಬೇಕು, ಈ ಎರಡಕ್ಕೆ ಒಪ್ಪುವ ಯಾವ ಪ್ರಸ್ತಾಪವನ್ನಾದರೂ ಕೇಳುತ್ತೇವೆ. ಮೊದಲನೆಯ ಷರತ್ತಿಗೆ ಉತ್ತರದಲ್ಲಿ ಬಹುಮತವಿತ್ತು, ಎರಡನೆಯದಕ್ಕೆ ಇರಲಿಲ್ಲ. ಗುಲಾಮಗಿರಿ ರದ್ದತಿಯ ಸಂವಿಧಾನ ತಿದ್ದುಪಡಿ ಕೆಳಮನೆಯಲ್ಲಿ ತಿಂಗಳ ಹಿಂದಷ್ಟೇ 93–65ರಲ್ಲಿ, ಮೂರನೇ ಎರಡರಷ್ಟು ಮತ ಸಿಗದೆ ಬಿದ್ದಿತ್ತು. ಈಗ ವಿರೋಧಿಗಳಿಗೆ ಹೇಳಲು ಸುಲಭದ ಮಾತು ಸಿಕ್ಕಿತು: ನಿಮ್ಮ ಮಕ್ಕಳು ಸಾಯುತ್ತಿರುವುದು ದೇಶಕ್ಕಾಗಿ ಅಲ್ಲ, ಕಪ್ಪು ಜನರಿಗಾಗಿ.

ಅತ್ತ ಸ್ವಂತ ಪಕ್ಷದ ಉಗ್ರರಿಗೆ ಲಿಂಕನ್ ತೀರ ಮೆತ್ತಗೆ ಕಂಡ. ಆಗಸ್ಟ್ 5ರಂದು ಇಬ್ಬರು ಹಿರಿಯ ಸದಸ್ಯರು ಪತ್ರಿಕೆಯಲ್ಲಿ ಬಹಿರಂಗ ಆರೋಪಪಟ್ಟಿಯನ್ನೇ ಅಚ್ಚು ಹಾಕಿಸಿದರು. 1832ರ ಆಂಡ್ರೂ ಜಾಕ್ಸನ್ ನಂತರ ಆ ದೇಶದಲ್ಲಿ ಯಾವ ಅಧ್ಯಕ್ಷನೂ ಎರಡನೇ ಸಲ ಗೆದ್ದಿರಲಿಲ್ಲ ಎಂಬುದೂ ಎಲ್ಲರ ತಲೆಯಲ್ಲಿತ್ತು.

ಈ ಯುದ್ಧದ ಬಿಸಿ ನಮ್ಮ ಕಡೆಗೂ ತಟ್ಟಿತ್ತು. ದಕ್ಷಿಣದ ಬಂದರುಗಳಿಗೆ ಉತ್ತರದ ನೌಕಾಪಡೆ ದಿಗ್ಬಂಧನ ಹಾಕಿದ್ದರಿಂದ ಲಂಕಾಶೈರ್ ಗಿರಣಿಗಳಿಗೆ ಹತ್ತಿ ಇಲ್ಲದಾಗಿ, ಮುಂಬಯಿ ಪೇಟೆಯ ಮೂಲಕ ಧಾರವಾಡ ಸೀಮೆಯ ಹತ್ತಿಗೆ ಕಂಡು ಕೇಳರಿಯದ ಬೆಲೆ ಬಂದಿತ್ತು. ಅಮೆರಿಕದ ಬೀಜದಿಂದ ಬೆಳೆದ ‘ಧಾರವಾಡ ಅಮೆರಿಕನ್’ ತಳಿಗೆ ಅದು ಸುಗ್ಗಿಯ ಕಾಲ. 1865ರಲ್ಲಿ ಯುದ್ಧ ನಿಂತ ಸುದ್ದಿಗೆ ಬೆಲೆ ಕುಸಿದು ಮುಂಬಯಿಯ ದೊಡ್ಡ ದೊಡ್ಡ ಕುಳಗಳು ದಿವಾಳಿ ಎದ್ದವು. ಅಮೆರಿಕದ ಶಾಂತಿ ಬೇಡವೆನ್ನುವವರು ಅಮೆರಿಕದಲ್ಲಿ ಮಾತ್ರ ಇರಲಿಲ್ಲ.

ಮೊದಲ ಕಾಗದ

ವಿಸ್ಕಾನ್ಸಿನ್‌ನ ಒಂದು ಊರಿನ ಪತ್ರಿಕಾ ಸಂಪಾದಕ ಆಗಸ್ಟ್ 7ರಂದು ಲಿಂಕನ್‌ಗೆ ಬರೆದ. ಆತ ವಿರೋಧ ಪಕ್ಷದವನು, ಆದರೂ ಯುದ್ಧವನ್ನು ಬೆಂಬಲಿಸುತ್ತಿದ್ದವನು. ದೂರು ನೇರವಾಗಿತ್ತು: ಒಕ್ಕೂಟ ಉಳಿಸಲು ಎಂದು ನಿಮ್ಮ ಜೊತೆ ನಿಂತೆವು, ನಯಾಗರಾ ಪತ್ರದಿಂದ ನಮ್ಮ ಕಾಲ ಕೆಳಗಿನ ನೆಲವೇ ಹೋಯಿತು, ನಾವು ನಿಲ್ಲುವಂಥ ಒಂದು ವಿವರಣೆ ಕೊಡಿ.

ಇಂಥ ಪತ್ರ ಬೈಗುಳಕ್ಕಿಂತ ಅಪಾಯ. ಬೈದವನನ್ನು ಬಿಟ್ಟುಬಿಡಬಹುದು, ನಮ್ಮವನಾಗಿಯೇ ಉಳಿಯಲು ಒಂದು ನೆಪ ಕೇಳುವವನನ್ನು ಬಿಡಲಾಗುವುದಿಲ್ಲ. ಆಗಸ್ಟ್ 17ರ ಕರಡು ಉತ್ತರದಲ್ಲಿ ಲಿಂಕನ್‌ನ ತಲೆ ಕೆಲಸ ಮಾಡಿದ ರೀತಿ ಹತ್ತಿರದಿಂದ ಕಾಣುತ್ತದೆ. ಬಿಡುಗಡೆಯ ಮಾತು ಕೊಟ್ಟಾಗಿದೆ, ಕೊಟ್ಟ ಮಾತು ಉಳಿಸಿಕೊಳ್ಳಬೇಕು ಎಂಬುದು ಮೊದಲ ವಾದ. ಅದು ಧರ್ಮದ ಮಾತಾಯಿತು, ಇನ್ನು ಲೆಕ್ಕದ ಮಾತು ಕೇಳು ಎನ್ನುವಂತೆ ಮುಂದುವರಿಯುತ್ತಾನೆ. ನಾವು ಮಾತು ಮುರಿಯುತ್ತೇವೆಂದು ಸಾರಿದ ಕ್ಷಣವೇ ಕಪ್ಪು ಜನರ ಸೇನಾ ಭರ್ತಿ ನಿಲ್ಲುತ್ತದೆ. ಈಗಾಗಲೇ ಬಂದೂಕು ಹಿಡಿದವರೂ ಬಿಟ್ಟು ಹೋಗುತ್ತಾರೆ, ಹೋಗುವುದೇ ನ್ಯಾಯ; ದ್ರೋಹ ಮಾಡುತ್ತೇವೆಂದು ಮುಂಚೆಯೇ ಹೇಳಿದವರಿಗಾಗಿ ಅವರು ಯಾಕೆ ಪ್ರಾಣ ಕೊಡಬೇಕು? ಇದು ಭಾವನೆಯ ಪ್ರಶ್ನೆಯಲ್ಲ, ಕುದುರೆಯ ಬಲವನ್ನೂ ಉಗಿಯ ಬಲವನ್ನೂ ಅಳೆಯುವ ಹಾಗೆ ಅಳೆಯಬಹುದಾದ ಬಲ.

ಇಷ್ಟು ಗಟ್ಟಿಯಾಗಿ ಬರೆದವನು ಕೊನೆಗೆ ಒಂದು ವಾಕ್ಯ ಸೇರಿಸಿದ. ಗುಲಾಮಗಿರಿಯ ಸೊಲ್ಲೆತ್ತದೆ ಶಾಂತಿ ಮತ್ತು ಮರುಸೇರ್ಪಡೆಯ ಪ್ರಸ್ತಾಪ ತಂದರೆ ನಾನೇನು ಮಾಡುತ್ತೇನೆಂದು ತಿಳಿಯುವ ಆಸೆ ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್‌ಗೆ ಇದ್ದರೆ, ಅವನು ನನ್ನನ್ನು ಪರೀಕ್ಷಿಸಿ ನೋಡಲಿ.

ವಕೀಲನ ವಾಕ್ಯ. ಏನನ್ನೂ ಒಪ್ಪಿಕೊಂಡಿಲ್ಲ, ಬಾಗಿಲು ಮಾತ್ರ ಒಂದು ಬೆರಳಿನಷ್ಟು ತೆರೆದಿದೆ. ಸಂಪಾದಕನಿಗೆ ಬೇಕಾಗಿದ್ದದ್ದೂ ಅಷ್ಟೇ. ತರಬೇತಿಯಲ್ಲಿ ಈ ಹಂತಕ್ಕೆ ನಿಲ್ಲಿಸಿ, ಪತ್ರ ಕಳಿಸುತ್ತೀರಾ ಎಂದು ಕೇಳುತ್ತೇನೆ. ಹೆಚ್ಚಿನ ಕೈಗಳು ಮೇಲೇಳುತ್ತವೆ. ಮತ ಬೇಕಲ್ಲ ಸಾರ್ ಎನ್ನುತ್ತಾರೆ.

ಅದೇ ಆಗಸ್ಟ್ 17ರಂದು ಲಿಂಕನ್ ಗ್ರಾಂಟ್‌ಗೆ ಒಂದು ತಂತಿಯನ್ನೂ ಕಳಿಸಿದ. ಕಡ್ಡಾಯ ಭರ್ತಿಗೆ ಗಲಾಟೆಯಾದರೆ ಎಂದು ಮುತ್ತಿಗೆಯಿಂದ ಸೈನಿಕರನ್ನು ಉತ್ತರಕ್ಕೆ ತರಿಸುವ ಮಾತು ಎದ್ದಿತ್ತು, ಗ್ರಾಂಟ್ ಹಿಡಿದ ಜಾಗ ಬಿಡಲು ಒಪ್ಪಿರಲಿಲ್ಲ. ನನಗೂ ಬಿಡುವ ಮನಸ್ಸಿಲ್ಲ, ಬುಲ್‌ಡಾಗ್ ಹಿಡಿದ ಹಾಗೆ ಹಿಡಿ, ಆದಷ್ಟು ಅಗಿ, ಉಸಿರು ಕಟ್ಟಿಸು ಎಂದ ಲಿಂಕನ್. ನಮ್ಮಲ್ಲಾದರೆ ಉಡದ ಪಟ್ಟು ಎನ್ನುತ್ತಿದ್ದೆವು. ಒಂದೇ ದಿನ, ಒಂದೇ ಕೈ: ರಣರಂಗಕ್ಕೆ ಬಿಡಬೇಡ ಎಂದು, ರಾಜಕೀಯಕ್ಕೆ ಸ್ವಲ್ಪ ಸಡಿಲಿಸೋಣವೇ ಎಂದು. ಈ ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟರೆ ಮಾತ್ರ ಆ ಮನುಷ್ಯ ಆಗ ಎಲ್ಲಿದ್ದ ಎಂಬುದು ಗೊತ್ತಾಗುತ್ತದೆ. ಶಿಲೆಯಂತೆ ನಿಂತ ಲಿಂಕನ್ ಆಮೇಲಿನವರು ಕಡೆದದ್ದು. ಆಗಸ್ಟಿನ ಲಿಂಕನ್ ಓಲಾಡುತ್ತಿದ್ದ.

ಎರಡು ದಿನ ಬಿಟ್ಟು, ಆಗಸ್ಟ್ 19ರಂದು, ಲಿಂಕನ್ ಕರೆಸಿದ್ದ ಒಬ್ಬ ಅತಿಥಿ ಬಂದ: ಫ್ರೆಡರಿಕ್ ಡಗ್ಲಾಸ್. ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು ಬಂದು, ದೇಶದ ದೊಡ್ಡ ವಾಗ್ಮಿಗಳಲ್ಲಿ ಒಬ್ಬನಾದವನು. ಅವನ ಇಬ್ಬರು ಗಂಡುಮಕ್ಕಳು ಒಕ್ಕೂಟದ ಸೇನೆಗೆ ಸೇರಿದ್ದರು. ಲಿಂಕನ್‌ನ ನಿಧಾನವನ್ನು ವರ್ಷಗಟ್ಟಲೆ ಟೀಕಿಸಿದ್ದವನೂ ಅವನೇ. ಮಾತಿನ ನಡುವೆ ಒಬ್ಬ ರಾಜ್ಯಪಾಲ ಬಂದಿದ್ದಾರೆಂದು ಹೇಳಿಕಳಿಸಿದಾಗ, ಕಾಯಲು ಹೇಳು, ಗೆಳೆಯ ಡಗ್ಲಾಸ್ ಜೊತೆ ತುಂಬ ಮಾತಾಡಬೇಕಿದೆ ಎಂದನಂತೆ ಅಧ್ಯಕ್ಷ; ಇದನ್ನು ಡಗ್ಲಾಸೇ ಮುಂದೆ ಬರೆದುಕೊಂಡಿದ್ದಾನೆ.

ಲಿಂಕನ್ ಆ ಕರಡನ್ನು ಓದಿ ತೋರಿಸಿ, ಕಳಿಸಲೇ ಎಂದು ಕೇಳಿದ. ಬೇಡವೇ ಬೇಡ ಎಂದ ಡಗ್ಲಾಸ್. ನೀವು ಹೇಳಬೇಕೆಂದಿರುವುದಕ್ಕಿಂತ ದೊಡ್ಡ ಅರ್ಥವನ್ನು ಜನ ಇದಕ್ಕೆ ಹಚ್ಚುತ್ತಾರೆ, ಗುಲಾಮಗಿರಿಯ ವಿರುದ್ಧದ ನಿಮ್ಮ ನೀತಿಯನ್ನೇ ಒಪ್ಪಿಸಿಕೊಟ್ಟಂತಾಗುತ್ತದೆ.

ನನಗೆ ಈ ಪ್ರಕರಣದ ತಿರುವು ಇದೇ. ಆ ಒಂದು ವಾಕ್ಯದಿಂದ ಸಿಗಬಹುದಾಗಿದ್ದ ಮತ ಲಿಂಕನ್‌ದು. ಅದಕ್ಕೆ ಬೆಲೆ ತೆರಬೇಕಾಗಿದ್ದವರು ಡಗ್ಲಾಸ್‌ನ ಜನ. ಬೆಲೆ ತೆರುವವರನ್ನೇ ಕರೆದು, ಕರಡು ಕರಡಾಗಿರುವಾಗಲೇ ತೋರಿಸಿ, ಅವರ ಬಾಯಿಂದ ‘ಬೇಡ’ ಕೇಳಿಸಿಕೊಂಡ ಅಧ್ಯಕ್ಷರು ಎಷ್ಟು ಜನ ಸಿಕ್ಕಾರು? ನಮ್ಮಲ್ಲಿ ಆದೇಶ ಹೊರಟ ಮೇಲೆ ಆಕ್ಷೇಪಣೆ ಕರೆಯುತ್ತಾರೆ.

ಅದೇ ದಿನ ಬಂದ ವಿಸ್ಕಾನ್ಸಿನ್‌ನ ಇಬ್ಬರ ಮುಂದೆ ಲಿಂಕನ್ ಆಡಿದ ಮಾತನ್ನು ಅವರಲ್ಲೊಬ್ಬ ದಿನಚರಿಯಲ್ಲಿ ಬರೆದಿಟ್ಟ. ಪೋರ್ಟ್ ಹಡ್ಸನ್, ಒಲಸ್ಟಿಗಳಲ್ಲಿ ಕಾದಿದ ಕಪ್ಪು ಯೋಧರನ್ನು ಮರಳಿ ಯಜಮಾನರಿಗೆ ಒಪ್ಪಿಸಿ ದಕ್ಷಿಣವನ್ನು ಒಲಿಸಿಕೊಳ್ಳಿ ಎಂದು ಹೇಳುವವರಿದ್ದಾರೆ. ಹಾಗೆ ಮಾಡಿದರೆ ಇಹದಲ್ಲೂ ಪರದಲ್ಲೂ ನನಗೆ ನರಕವೇ ಎಂಬರ್ಥದ ಮಾತು. ಸಂಪಾದಕನಿಗೆ ಬರೆದ ಉತ್ತರ ಹೊರಡಲಿಲ್ಲ.

ಡಗ್ಲಾಸ್‌ನನ್ನು ಕರೆಸಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು, ಅದು ಮನಸ್ಸನ್ನು ಕಲಕುತ್ತದೆ. ತಾನು ಸೋತರೆ ವಿಮೋಚನಾ ಘೋಷಣೆಯ ಗತಿ ಏನಾಗುವುದೋ ಎಂಬ ಭಯ ಲಿಂಕನ್‌ಗೆ. ಇರುವಷ್ಟು ದಿನಗಳಲ್ಲೇ ಆದಷ್ಟು ಗುಲಾಮರನ್ನು ದಕ್ಷಿಣದಿಂದ ಈಚೆ ದಾಟಿಸಲು ಏನಾದರೂ ಏರ್ಪಾಟು ಯೋಚಿಸು ಎಂದು ಕೇಳಿದ. ಘೋಷಣೆಯ ಸುದ್ದಿಯನ್ನೇ ಯಜಮಾನರು ಅವರಿಗೆ ಮುಟ್ಟಗೊಡುತ್ತಿಲ್ಲ ಎಂದ ಡಗ್ಲಾಸ್, ಹತ್ತು ದಿನದಲ್ಲಿ ಒಂದು ಯೋಜನೆಯನ್ನು ಬರೆದು ಕಳಿಸಿದ. ಅಷ್ಟರಲ್ಲಿ ಕಾಲ ಬದಲಾಗಿ ಅದರ ಅಗತ್ಯ ಬೀಳಲಿಲ್ಲ.

ಎರಡನೇ ಕಾಗದ

ಆಗಸ್ಟ್ 22ರಂದು ಪಕ್ಷದ ರಾಷ್ಟ್ರೀಯ ಸಮಿತಿಯ ಅಧ್ಯಕ್ಷ ಹೆನ್ರಿ ರೇಮಂಡ್ ನ್ಯೂಯಾರ್ಕ್‌ನಿಂದ ಬರೆದ. ಗಾಳಿ ಜೋರಾಗಿ ನಮ್ಮ ವಿರುದ್ಧ ತಿರುಗಿದೆ, ಇವತ್ತೇ ಚುನಾವಣೆಯಾದರೆ ಇಲಿನಾಯ್ ಹೋಗುತ್ತದೆ, ಪೆನ್ಸಿಲ್ವೇನಿಯಾ ಹೋಗುತ್ತದೆ, ಇಂಡಿಯಾನಾ ಹೋಗುತ್ತದೆ. ಕಾರಣ ಎರಡು: ರಣರಂಗದಲ್ಲಿ ಗೆಲುವಿಲ್ಲ, ಮತ್ತು ಗುಲಾಮಗಿರಿ ಬಿಡುವ ತನಕ ಶಾಂತಿಯಿಲ್ಲ ಎಂಬ ಅನಿಸಿಕೆ. ಪಕ್ಷದ ಹಳೆ ಹುಲಿಗಳೂ ಇವನ ಕಥೆ ಮುಗಿಯಿತು ಎನ್ನುತ್ತಿದ್ದರು.

ರೇಮಂಡ್‌ನ ಮದ್ದು ಜಾಣತನದ್ದು. ದಕ್ಷಿಣದ ರಾಜಧಾನಿ ರಿಚ್ಮಂಡ್‌ಗೆ ನಿಯೋಗ ಕಳಿಸಿ, ಸಂವಿಧಾನದ ಪರಮಾಧಿಕಾರ ಒಪ್ಪಿದರೆ ಸಾಕು, ಶಾಂತಿ ಎಂದು ಡೇವಿಸ್‌ಗೆ ಹೇಳಿ. ಅವನು ಹೇಗೂ ಒಲ್ಲೆ ಎನ್ನುತ್ತಾನೆ. ಆಗ ಯುದ್ಧಕ್ಕೆ ಹಟ ಹಿಡಿದವರು ಯಾರೆಂದು ದೇಶಕ್ಕೆ ಕಾಣುತ್ತದೆ. ಖರ್ಚಿಲ್ಲ, ಲಾಭ ಮಾತ್ರ.

ಲಿಂಕನ್ ಅದನ್ನೂ ಬರೆದು ನೋಡಿದ. ಆಗಸ್ಟ್ 24ರ ಕರಡಿನಲ್ಲಿ, ನೀನೇ ಹೋಗಿ ಡೇವಿಸ್‌ನನ್ನು ಕಾಣು, ಒಕ್ಕೂಟ ಮರಳಿ ಸ್ಥಾಪನೆಯಾದರೆ ಯುದ್ಧ ಕೂಡಲೇ ನಿಲ್ಲುತ್ತದೆ, ಉಳಿದ ಪ್ರಶ್ನೆಗಳನ್ನು ಶಾಂತ ರೀತಿಯಲ್ಲಿ ಬಗೆಹರಿಸಿಕೊಳ್ಳೋಣ ಎಂದು ಹೇಳು ಎಂದು ರೇಮಂಡ್‌ಗೇ ಆಜ್ಞೆಯಿದೆ. ‘ಉಳಿದ ಪ್ರಶ್ನೆಗಳು’ ಎಂಬ ಎರಡು ಪದದೊಳಗೆ ಸುಮಾರು ನಲವತ್ತು ಲಕ್ಷ ಜನರ ಬದುಕು ಮಡಚಿ ಕೂತಿದೆ.

ಮರುದಿನ ರೇಮಂಡ್ ವಾಷಿಂಗ್ಟನ್‌ಗೇ ಬಂದ. ಲಿಂಕನ್, ಸೀವರ್ಡ್, ಯುದ್ಧಮಂತ್ರಿ ಸ್ಟ್ಯಾಂಟನ್, ಹಣಕಾಸು ಮಂತ್ರಿ ಫೆಸೆಂಡನ್ ಅವನ ಜೊತೆ ಕೂತರು. ಅಧ್ಯಕ್ಷನ ಕಾರ್ಯದರ್ಶಿ ಬರೆದಿಟ್ಟ ಟಿಪ್ಪಣಿಯ ಪ್ರಕಾರ ಅಲ್ಲಿ ಬಂದ ತೀರ್ಮಾನ: ನಿಯೋಗ ಕಳಿಸುವುದು ಚುನಾವಣೆ ಸೋಲುವುದಕ್ಕಿಂತ ಕೆಟ್ಟದ್ದು, ಅದು ಮುಂಚಿತವಾಗಿಯೇ ಮಾನಗೆಟ್ಟು ಒಪ್ಪಿಸಿಕೊಟ್ಟ ಹಾಗೆ. ರೇಮಂಡ್ ಒಪ್ಪಿಕೊಂಡು, ಧೈರ್ಯ ತುಂಬಿಕೊಂಡು ಹಿಂತಿರುಗಿದ. ಕರಡನ್ನು ಲಿಂಕನ್ ರೇಮಂಡ್‌ನ ವಾದವನ್ನು ಅದರ ಕೊನೆಯವರೆಗೂ ನಡೆಸಿ ನೋಡಲೆಂದೇ ಬರೆದನೋ, ನಿಜವಾಗಿ ಮನಸ್ಸು ಹರಿದಿತ್ತೋ ಎಂದು ಚರಿತ್ರಕಾರರು ಇನ್ನೂ ಜಗಳಾಡುತ್ತಾರೆ. ನನಗನಿಸುವುದು ಎರಡೂ. ಆಡಿದ ಮಾತಿನಲ್ಲಿ ಜಾಣತನವಾಗಿ ಕೇಳಿದ್ದು, ಅಧ್ಯಕ್ಷನ ಆಜ್ಞೆಯ ಭಾಷೆಗೆ ಇಳಿದ ಮೇಲೆ ಹೇಗೆ ಕಾಣುತ್ತದೆ ಎಂಬುದು ಬರೆದ ಮೇಲೇ ಗೊತ್ತಾಗುವುದು.

ಈ ‘ಹೇಗೂ ಒಲ್ಲೆ ಎನ್ನುತ್ತಾನೆ’ ಎಂಬ ಉಪಾಯಕ್ಕೆ ಸರಿಯಾದ ಉತ್ತರವನ್ನು ನಾನು ಕೇಳಿದ್ದು ಒಬ್ಬ ನಿವೃತ್ತ ಸಂಘದ ಕಾರ್ಯದರ್ಶಿಯಿಂದ. ಇಡೀ ಬೆಳಿಗ್ಗೆ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವರು, ಕಾಫಿ ಲೋಟ ಕೆಳಗಿಟ್ಟು ಕೇಳಿದರು: “ಸಾರ್, ರಿಜೆಕ್ಟ್ ಆಗತ್ತೆ ಅಂತ ಧೈರ್ಯದ ಮೇಲೆ ಕೊಟ್ಟ ಅರ್ಜಿ ಸ್ಯಾಂಕ್ಷನ್ ಆಗ್ಬಿಟ್ರೆ ಏನ್ ಮಾಡ್ತೀರಿ?” ಆ ದಿನ ಅದರಾಚೆ ನಾನು ಹೇಳಬೇಕಾದದ್ದು ಏನೂ ಉಳಿಯಲಿಲ್ಲ. ಡೇವಿಸ್ ಒಲ್ಲೆ ಎನ್ನುವ ಮುಂಚೆಯೇ ಆ ಪ್ರಸ್ತಾಪ ಕಪ್ಪು ಸೈನಿಕನ ಕಿವಿಗೆ ಬೀಳುತ್ತಿತ್ತಲ್ಲ, ಅದನ್ನೂ ಅವರೇ ಆಮೇಲೆ ಸೇರಿಸಿದರು.

ಚೀಟಿ

ಈ ಎರಡು ಕರಡುಗಳ ನಡುವೆ, ಆಗಸ್ಟ್ 23ರಂದು ಬರೆದದ್ದು ಆ ಅಂಟಿಸಿದ ಕಾಗದ. ಒಳಗಿದ್ದದ್ದು ಇಷ್ಟೇ: ‘ಈ ಬೆಳಿಗ್ಗೆ, ಕೆಲವು ದಿನಗಳಿಂದ ಕಾಣುತ್ತಿರುವಂತೆಯೇ, ಈ ಸರ್ಕಾರ ಮರುಆಯ್ಕೆ ಆಗದಿರುವ ಸಂಭವ ಬಲವಾಗಿದೆ. ಆಗ, ಚುನಾವಣೆಗೂ ಅಧಿಕಾರ ಹಸ್ತಾಂತರಕ್ಕೂ ನಡುವೆ ಒಕ್ಕೂಟವನ್ನು ಉಳಿಸುವಂತೆ, ಚುನಾಯಿತ ಅಧ್ಯಕ್ಷನ ಜೊತೆ ಸಹಕರಿಸುವುದು ನನ್ನ ಕರ್ತವ್ಯ. ಯಾಕೆಂದರೆ ಅವನು ಗೆದ್ದಿರುವ ನೆಲೆ ಎಂಥದಿರುತ್ತದೆಂದರೆ, ಆಮೇಲೆ ಅದನ್ನು ಉಳಿಸುವುದು ಅವನಿಂದ ಸಾಧ್ಯವಾಗದು.’

ಗೆಲ್ಲುತ್ತೇನೋ ಇಲ್ಲವೋ ಎಂಬುದು ಒಂದು ಪ್ರಶ್ನೆ, ಸೋತರೆ ಮಾರನೇ ಬೆಳಿಗ್ಗೆ ನನ್ನ ಕೆಲಸವೇನು ಎಂಬುದು ಬೇರೆ ಪ್ರಶ್ನೆ. ಮೊದಲನೆಯದು ಅವನ ಕೈಯಲ್ಲಿರಲಿಲ್ಲ, ಎರಡನೆಯದು ಇತ್ತು. ಅದಕ್ಕೆ ಉತ್ತರ ಬರೆದು, ಏಳು ಸಹಿ ಹಾಕಿಸಿ, ಮುಂದೆ ತಾನೇ ಜಾರದಂತೆ ಬೀಗ ಹಾಕಿಕೊಂಡ. ಇದರಿಂದಲೇ ಎರಡು ದಿನದ ನಂತರ ರೇಮಂಡ್‌ಗೆ ಇಲ್ಲ ಎನ್ನುವುದು ಹಗುರಾಯಿತು ಎಂದು ನಾನು ಓದಿಕೊಳ್ಳುತ್ತೇನೆ. ಸೋಲನ್ನು ಲೆಕ್ಕಕ್ಕೆ ಹಿಡಿದವನನ್ನು ಸೋಲಿನ ಹೆಸರು ಹೇಳಿ ಹೆದರಿಸುವುದು ಕಷ್ಟ.

ಓದಲು ಯಾಕೆ ಕೊಡಲಿಲ್ಲ? ಕೊಟ್ಟಿದ್ದರೆ ಸಂಜೆಗೇ ಊರಿಡೀ ಸುದ್ದಿ: ಅಧ್ಯಕ್ಷನೇ ಸೋಲೊಪ್ಪಿದ್ದಾನೆ. ಕೊಡದೆ ಸುಮ್ಮನೆ ಖಾನೆಯಲ್ಲಿಟ್ಟಿದ್ದರೆ ಆಮೇಲೆ ನಂಬುವವರಿಲ್ಲ. ಅಂಟು ಮತ್ತು ಸಹಿ, ಎರಡೂ ಬೇಕಿತ್ತು.

ಚೀಟಿಯ ಕೊನೆಯ ವಾಕ್ಯ ಎದುರಾಳಿಗೆ ಸ್ವಲ್ಪ ಅನ್ಯಾಯ ಮಾಡಿತು ಎಂಬುದನ್ನೂ ಹೇಳಬೇಕು. ಎದುರಾಳಿ ಎಂದರೆ ಲಿಂಕನ್ ತಾನೇ 1862ರ ನವೆಂಬರ್‌ನಲ್ಲಿ ಕಿತ್ತುಹಾಕಿದ್ದ ಸೇನಾಪತಿ ಮೆಕ್ಲೆಲನ್. ಡೆಮಾಕ್ರಟಿಕ್ ಪಕ್ಷ ಆಗಸ್ಟ್ ಕೊನೆಗೆ ಷಿಕಾಗೋದಲ್ಲಿ ಸೇರಿ, ಯುದ್ಧ ವಿಫಲವಾಗಿದೆ, ಹಗೆತನ ನಿಲ್ಲಿಸಿ ಎಂಬ ನಿರ್ಣಯ ಮಾಡಿ ಅವನನ್ನೇ ಅಭ್ಯರ್ಥಿ ಮಾಡಿತು. ಆದರೆ ಅವನು ಸೆಪ್ಟೆಂಬರ್ 8ರ ಒಪ್ಪಿಗೆ ಪತ್ರದಲ್ಲಿ ಒಕ್ಕೂಟ ಉಳಿಯದೆ ಶಾಂತಿಯಿಲ್ಲ ಎಂದು ತನ್ನ ಪಕ್ಷದ ನಿರ್ಣಯದಿಂದಲೇ ದೂರ ಸರಿದ.

ಏನಾಯಿತು

ಸೆಪ್ಟೆಂಬರ್ 2ರಂದು ದಕ್ಷಿಣದ ಅಟ್ಲಾಂಟಾ ನಗರ ಬಿತ್ತು. ಅಟ್ಲಾಂಟಾ ನಮ್ಮದಾಯಿತು ಎಂಬ ಉತ್ತರದ ಜನರಲ್ ಷರ್ಮನ್‌ನ ತಂತಿ ವಾಷಿಂಗ್ಟನ್ ಮುಟ್ಟಿದ ಮೇಲೆ ಗಾಳಿಯ ದಿಕ್ಕೇ ಬೇರೆ. ಯುದ್ಧ ವಿಫಲ ಎಂಬ ಷಿಕಾಗೋ ನಿರ್ಣಯದ ಶಾಯಿ ಇನ್ನೂ ಆರಿರಲಿಲ್ಲ. ವರ್ಜೀನಿಯಾದ ಷೆನಂಡೋವಾ ಕಣಿವೆಯಲ್ಲಿ ಉತ್ತರದ ಇನ್ನೊಬ್ಬ ಜನರಲ್ ಷೆರಿಡನ್ ಸಾಲು ಸಾಲಾಗಿ ಗೆದ್ದ. ಸೆಪ್ಟೆಂಬರ್ 22ರಂದು ಉಗ್ರರ ಅಭ್ಯರ್ಥಿ ಫ್ರೆಮಾಂಟ್ ಕಣದಿಂದ ಹಿಂದೆ ಸರಿದ. ಮರುದಿನವೇ ಉಗ್ರರಿಗೆ ಬೇಡವಾಗಿದ್ದ ಅಂಚೆ ಮಂತ್ರಿ ಬ್ಲೇರ್‌ನ ರಾಜೀನಾಮೆಯನ್ನು ಲಿಂಕನ್ ಪಡೆದುಕೊಂಡ. ಕಾಕತಾಳೀಯ ಎಂದು ನಂಬುವವರು ನಂಬಲಿ.

ಹೌದು, ಅವನು ಸಂತನಾಗಿರಲಿಲ್ಲ. ಯುದ್ಧದುದ್ದಕ್ಕೂ ವಿಚಾರಣೆಯಿಲ್ಲದ ಬಂಧನಗಳು ನಡೆದವು. ಅದೇ ವರ್ಷ ಮೇ ತಿಂಗಳಲ್ಲಿ ನಕಲಿ ಘೋಷಣೆಯೊಂದನ್ನು ಅಚ್ಚು ಹಾಕಿದ್ದಕ್ಕೆ ನ್ಯೂಯಾರ್ಕ್‌ನ ಎರಡು ಪತ್ರಿಕೆಗಳನ್ನು ಕೆಲ ದಿನ ಮುಚ್ಚಿಸಿದ್ದ. ಇಂಡಿಯಾನಾದ ಸೈನಿಕರಿಗೆ ರಣರಂಗದಲ್ಲೇ ಮತ ಹಾಕುವ ಕಾನೂನಿರಲಿಲ್ಲ, ರಾಜ್ಯದ ಅಕ್ಟೋಬರ್ ಚುನಾವಣೆಗೆ ಅವರನ್ನು ಮನೆಗೆ ಕಳಿಸಲು ಸಾಧ್ಯವೇ ಎಂದು ಷರ್ಮನ್‌ಗೆ ಬರೆದ. ಇದು ಆಜ್ಞೆಯಲ್ಲ ಎಂದು ಸೇರಿಸುವುದನ್ನು ಮರೆಯಲಿಲ್ಲ. ಎರಡು ಕೆಲಸ ಮಾತ್ರ ಮಾಡಲಿಲ್ಲ. ಚುನಾವಣೆ ಮುಂದೂಡಲಿಲ್ಲ. ಕಡ್ಡಾಯ ಭರ್ತಿಯನ್ನು ಚುನಾವಣೆ ಆಗುವ ತನಕ ತಡೆಹಿಡಿಯಿರಿ ಎಂದು ಸ್ವಂತ ಪಕ್ಷದವರೇ ಬೇಡಿಕೊಂಡರೂ ಕೇಳಲಿಲ್ಲ.

ನವೆಂಬರ್ 8ರ ರಾತ್ರಿ ಮಳೆ. ಲಿಂಕನ್ ಯುದ್ಧ ಇಲಾಖೆಯ ತಂತಿ ಕಚೇರಿಯಲ್ಲಿ ಕೂತು ಒಂದೊಂದೇ ರಾಜ್ಯದ ಸುದ್ದಿ ಓದಿಸಿಕೊಂಡ. ನಡುರಾತ್ರಿಯ ಹೊತ್ತಿಗೆ ಊಟ ಬಂತು, ಹುರಿದ ಸಿಂಪಿ. ಅಧ್ಯಕ್ಷ ತಾನೇ ಎದ್ದು, ಒಡ್ಡೊಡ್ಡಾಗಿ, ಎಲ್ಲರಿಗೂ ಬಡಿಸಿದನೆಂದು ಅವನ ಕಿರಿಯ ಕಾರ್ಯದರ್ಶಿ ಜಾನ್ ಹೇ ದಿನಚರಿಯಲ್ಲಿ ಬರೆದಿದ್ದಾನೆ. ಲೆಕ್ಕ ಮುಗಿದಾಗ ಅಧ್ಯಕ್ಷನನ್ನು ಆರಿಸುವ ರಾಜ್ಯವಾರು ಚುನಾಯಕ ಮತಗಳಲ್ಲಿ ಲಿಂಕನ್‌ಗೆ 212, ಮೆಕ್ಲೆಲನ್‌ಗೆ 21. ಜನರ ಮತದಲ್ಲಿ ಶೇಕಡಾ 55. ಬಿಡಿಯಾಗಿ ಎಣಿಸಿದ ಸೈನಿಕರ ಮತದಲ್ಲಿ ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಲಿಂಕನ್‌ಗೆ. ಮೆಕ್ಲೆಲನ್ ಕಂಡರೆ ಟೋಪಿ ಹಾರಿಸುತ್ತಿದ್ದ ಸೈನಿಕರು, ಯುದ್ಧ ನಿಂತರೆ ಮೊದಲು ಜೀವ ಉಳಿಯುವವರು, ಮುಂದುವರಿಸು ಎಂದು ಮತ ಹಾಕಿದರು.

ಇಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ಅಟ್ಲಾಂಟಾ ಬೀಳದಿದ್ದರೆ? ಸರಿಯಾದ ಪ್ರಶ್ನೆ. ಬಹುಶಃ ಸೋಲುತ್ತಿದ್ದ, ನಾವು ಇದನ್ನು ಹಟಮಾರಿಯೊಬ್ಬನ ಪ್ರಕರಣ ಎಂದು ಓದುತ್ತಿದ್ದೆವು. ಅದಕ್ಕೇ ನಾನು ಫಲಿತಾಂಶವನ್ನು ಕೊನೆಯ ಹಾಳೆಯಲ್ಲಿ, ಚರ್ಚೆ ಮುಗಿದ ಮೇಲೆ ಹಂಚುತ್ತೇನೆ. ಆಗಸ್ಟಿನ ತೀರ್ಮಾನವನ್ನು ಆಗಸ್ಟಿನಲ್ಲಿ ಗೊತ್ತಿದ್ದ ಸಂಗತಿಗಳಿಂದ ಅಳೆಯಬೇಕು. ಆಗ ಗೊತ್ತಿದ್ದದ್ದು ಇದು: ಲಕ್ಷಕ್ಕೂ ಮೀರಿದ ಕಪ್ಪು ಸೈನಿಕರು, ಕೂಲಿಗಳು ಒಕ್ಕೂಟದ ಕಡೆ ಇದ್ದಾರೆ, ಅವರು ಬಂದದ್ದು ಒಂದು ಮಾತಿನ ಮೇಲೆ, ಆ ಮಾತು ಸಡಿಲಾದರೆ ಗೆದ್ದರೂ ಯುದ್ಧ ನಡೆಸುವ ಬಲವಿಲ್ಲ. ಅಟ್ಲಾಂಟಾ ಬೀಳದಿದ್ದರೂ ಆ ಲೆಕ್ಕ ತಪ್ಪಾಗುತ್ತಿರಲಿಲ್ಲ. ಅದೃಷ್ಟದ ಪಾಲು ಇನ್ನೊಂದು ರೀತಿಯದು. ಮೊದಲ ಕರಡು ಅಂಚೆಗೆ ಬಿದ್ದು ಸೆಪ್ಟೆಂಬರ್ ಮೂರಕ್ಕೆ ಪತ್ರಿಕೆಗಳಲ್ಲಿ ಬಂದಿದ್ದರೆ, ಗೆಲುವಿನ ದಿನ ಅವನ ಕೈಯಲ್ಲಿ ಹರಿದ ಮಾತಿರುತ್ತಿತ್ತು. ಮತ ಬಂದರೂ, 1865ರ ಜನವರಿ 31ರಂದು ಅದೇ ಕೆಳಮನೆಯಲ್ಲಿ ಗುಲಾಮಗಿರಿ ರದ್ದತಿಯ ತಿದ್ದುಪಡಿಯನ್ನು 119–56ರಲ್ಲಿ ದಾಟಿಸುವ ಮುಖ ಇರುತ್ತಿತ್ತೇ?

ಚುನಾವಣೆಯಾದ ಮೂರನೇ ದಿನ, ನವೆಂಬರ್ 11. ಸಂಪುಟ ಸೇರಿತು. ಲಿಂಕನ್ ಆ ಕಾಗದ ತೆಗೆದು, ಅವತ್ತು ನಿಮ್ಮೆಲ್ಲರ ಸಹಿ ಹಾಕಿಸಿದೆನಲ್ಲ, ನೆನಪಿದೆಯೇ ಎಂದ. ಹರಿಯದಂತೆ ಬಿಡಿಸು ಎಂದು ಹೇ ಕೈಗೆ ಕೊಟ್ಟ. ಎಷ್ಟು ವಿಚಿತ್ರವಾಗಿ ಅಂಟಿಸಿದ್ದನೆಂದರೆ ಅದನ್ನು ಕತ್ತರಿಸಿಯೇ ತೆರೆಯಬೇಕಾಯಿತು. ಓದಿ ಹೇಳಿದ ಮೇಲೆ ವಿವರಿಸಿದ: ಮೆಕ್ಲೆಲನ್ ಗೆದ್ದಿದ್ದರೆ ಅವನನ್ನು ಕರೆದು ಹೇಳುತ್ತಿದ್ದೆ, ಜನರಲ್, ಜನ ನಿನ್ನ ಕಡೆ ಇದ್ದಾರೆ, ಅಧಿಕಾರ ಇನ್ನೂ ಸ್ವಲ್ಪ ದಿನ ನನ್ನ ಕೈಯಲ್ಲಿದೆ, ನೀನು ಆದಷ್ಟು ಸೈನಿಕರನ್ನು ಕಲೆಹಾಕು, ನಾನು ನನ್ನ ಬಲವನ್ನೆಲ್ಲ ಹಾಕುತ್ತೇನೆ, ಇಬ್ಬರೂ ಸೇರಿ ಯುದ್ಧ ಮುಗಿಸೋಣ.

ಸೀವರ್ಡ್ ತಡೆಯಲಾರದೆ ಹೇಳಿದ: “ಜನರಲ್ ಹೌದು ಹೌದು ಎನ್ನುತ್ತಿದ್ದ. ಮಾರನೇ ದಿನ ಮತ್ತೆ ಕೇಳಿದರೆ ಮತ್ತೆ ಹೌದು ಹೌದು. ಹೀಗೇ ನಡೆಯುತ್ತಿತ್ತು, ಏನೂ ಮಾಡುತ್ತಿರಲಿಲ್ಲ.”

“ನಾನಾದರೂ ನನ್ನ ಕೆಲಸ ಮಾಡಿರುತ್ತಿದ್ದೆನಲ್ಲ,” ಎಂದ ಲಿಂಕನ್.